ಟಾಟಾ ಕಚೇರಿಯಿಂದ ವಿರೋಧ ಪಕ್ಷದ ಬೆಂಚಿಗೆ

ನಮ್ಮ ಅಜ್ಜ ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರ ತಮ್ಮ ಸ್ಕೂಲು ಮೇಷ್ಟರು. ಖಾದಿ ಬಿಟ್ಟು ಬೇರೆ ಬಟ್ಟೆ ತೊಟ್ಟವರಲ್ಲ, ಕಾಂಗ್ರೆಸ್ಸು ಬಿಟ್ಟು ಬೇರೆ ಪಕ್ಷ ಕಂಡವರಲ್ಲ. 1967ರ ಚುನಾವಣೆಯಲ್ಲಿ ಅಜ್ಜ ನಕ್ಷತ್ರದ ಗುರುತಿಗೆ ವೋಟು ಹಾಕಿ ಬಂದರೆಂಬುದು ಹೇಗೋ ಚಿಕ್ಕಜ್ಜನ ಕಿವಿಗೆ ಬಿತ್ತು. “ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಕಣಣ್ಣ. ಸಾಹುಕಾರರ ಪಕ್ಷಕ್ಕೆ ಗುಮಾಸ್ತನ ವೋಟೆ?” ಎಂದು ಜಗಲಿಯ ಮೇಲೆಯೇ ರೇಗಿದರಂತೆ. ಆಮೇಲೆ ಆರು ತಿಂಗಳು ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ. ನಾನು ಹುಟ್ಟುವುದಕ್ಕೆ ಬಹಳ ಹಿಂದಿನ ಮಾತು ಇದು; ತಂದೆಯವರಿಂದ ಕೇಳಿದ್ದು.

ಹೋದ ವರ್ಷ ಅಜ್ಜನ ಮರದ ಪೆಟ್ಟಿಗೆಯನ್ನು ತೆಗೆಸಿದಾಗ, ಹಳೆಯ ಖಾತೆ ಕಿರ್ದಿಗಳ ಅಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು: ‘ಅವರ್ ಇಂಡಿಯಾ’. ಬರೆದವರು ಮಿನೂ ಮಸಾನಿ. 1940ರಲ್ಲಿ ಮೊದಲು ಅಚ್ಚಾಗಿ, ದೇಶದ ಶಾಲೆ ಶಾಲೆಗಳಲ್ಲಿ ಮಕ್ಕಳ ಕೈಗೆ ಬಂದ ಚಿತ್ರಸಹಿತ ಪುಸ್ತಕವದು. ನಮ್ಮದು ಸಂಪದ್ಭರಿತವಾದ ದೇಶ, ಆದರೆ ಇಲ್ಲಿನ ಜನ ಬಡವರೇಕೆ ಎಂಬ ಪ್ರಶ್ನೆಯನ್ನು ಹುಡುಗರಿಗೆ ತಿಳಿಯುವ ಹಾಗೆ ಕೇಳಿದ ಪುಸ್ತಕ. ಒಳಪುಟದಲ್ಲಿ ಹೆಸರು ಬರೆದಿತ್ತು. ಆ ಹೆಸರು ಅಜ್ಜನದಲ್ಲ; ಚಿಕ್ಕಜ್ಜನದು. ಸಾಹುಕಾರರ ಪಕ್ಷವೆಂದು ಅವರು ಯಾವುದನ್ನು ಹಳಿದರೋ ಆ ಪಕ್ಷವನ್ನು ಕಟ್ಟಿದವರಲ್ಲೊಬ್ಬರ ಪುಸ್ತಕವನ್ನು ತಾವೇ ಕೊಂಡು, ಅಲ್ಲಲ್ಲಿ ಸೀಸದಕಡ್ಡಿಯಿಂದ ಗೆರೆ ಎಳೆದು, ಮಕ್ಕಳಿಗೆ ಪಾಠ ಹೇಳಿದ್ದರು. ಇದು ನನಗೆ ಸೋಜಿಗವೆನಿಸಿತು. ಕನ್ನಡದ ಅಧ್ಯಾಪಕನಾದ ನನಗೆ ರಾಜಕೀಯದ ಚರಿತ್ರೆ ಅಷ್ಟು ಒಗ್ಗಿದ ವಿಷಯವಲ್ಲ. ಆದರೂ ಈ ಮಸಾನಿಯವರು ಯಾರು, ಸಾಹುಕಾರರ ವಕೀಲರೇ ಹೌದೆ ಎಂದು ತಿಳಿಯುವ ಹಂಬಲವಾಯಿತು.

ಮಿನೋಚರ್ ರುಸ್ತುಂ ಮಸಾನಿ ಹುಟ್ಟಿದ್ದು 1905ರ ನವೆಂಬರ್ 20ರಂದು, ಮುಂಬಯಿಯ ಪಾರಸಿ ಮನೆತನದಲ್ಲಿ. ತಂದೆ ಸರ್ ರುಸ್ತುಂ ಮಸಾನಿಯವರು ಮುಂಬಯಿಯ ಮುನಿಸಿಪಲ್ ಕಮಿಷನರಾಗಿದ್ದವರು, ಮುಂದೆ ಅಲ್ಲಿನ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದವರು, ದಾದಾಭಾಯಿ ನವರೋಜಿಯವರ ಚರಿತ್ರೆ ಬರೆದವರು. ಮಗ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರ ಓದಿ, ಬ್ಯಾರಿಸ್ಟರನಾಗಿ ಮರಳಿದ. ಇಷ್ಟರವರೆಗೆ ಇದು ದೊಡ್ಡ ಮನೆಯ ಮಕ್ಕಳ ವಾಡಿಕೆಯ ಹಾದಿಯೇ. ಆದರೆ ಈ ಹುಡುಗ ವಿದ್ಯಾರ್ಥಿಯಾಗಿದ್ದಾಗಲೇ ಸೋವಿಯತ್ ರಷ್ಯವನ್ನು ನೋಡಿಬಂದು ಮನಸೋತಿದ್ದ. ಹಿಂದಿರುಗಿ ಕಾನೂನು ಭಂಗ ಚಳುವಳಿಗೆ ಸೇರಿ ಜೈಲಿಗೂ ಹೋದ. ನಾಸಿಕದ ಜೈಲಿನಲ್ಲಿ ಜಯಪ್ರಕಾಶ ನಾರಾಯಣ, ಅಚ್ಯುತ ಪಟವರ್ಧನ, ಅಶೋಕ ಮೆಹ್ತಾ ಮೊದಲಾದ ತರುಣರ ಸಂಗಡ ನಡೆದ ಚರ್ಚೆಗಳಿಂದಲೇ 1934ರ ಕಾಂಗ್ರೆಸ್ ಸಮಾಜವಾದಿ ಪಕ್ಷ ಹುಟ್ಟಿತು. ಅದರ ಜಂಟಿ ಕಾರ್ಯದರ್ಶಿ ಮಸಾನಿ. ಸಾಹುಕಾರರ ಪಕ್ಷವನ್ನು ಕಟ್ಟಿದವರೆಂದು ಮುಂದೆ ಬಯ್ಯಿಸಿಕೊಂಡವರು ಮೊದಲು ಕಟ್ಟಿದ್ದು ಸಮಾಜವಾದಿಗಳ ಪಕ್ಷವನ್ನು!

ಮನಸ್ಸು ತಿರುಗಿದ್ದು ಹೇಗೆ? ಸ್ಟಾಲಿನ್ನನು ತನ್ನ ಹಳೆಯ ಸಂಗಡಿಗರನ್ನೇ ಕಟಕಟೆಗೆ ಏರಿಸಿ ಕೊಲ್ಲಿಸಿದ ಮಾಸ್ಕೋ ವಿಚಾರಣೆಗಳು ಅವರ ಕಣ್ಣು ತೆರೆಸಿದವು. ಇತ್ತ ಕಮ್ಯುನಿಸ್ಟರು ತಮ್ಮ ಪಕ್ಷದೊಳಕ್ಕೆ ನುಗ್ಗಿ ಅದನ್ನೇ ನುಂಗಲು ಹವಣಿಸುತ್ತಿದ್ದಾರೆಂದು ಮಸಾನಿ ಹೇಳಿದರು. ಜಯಪ್ರಕಾಶರು ಆಗ್ಗೆ ಒಪ್ಪಲಿಲ್ಲ. 1939ರಲ್ಲಿ ಮಸಾನಿ ಪಕ್ಷವನ್ನು ಬಿಟ್ಟರು, ಗೆಳೆತನವನ್ನು ಬಿಡಲಿಲ್ಲ. ಆಗ ಅವರಿಗೆ ಮೂವತ್ತಮೂರು ವರ್ಷ. ವಕೀಲಿ ವೃತ್ತಿ ರಾಜಕೀಯದಲ್ಲಿ ಕಳೆದುಹೋಗಿತ್ತು. 1941ರಲ್ಲಿ ಟಾಟಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು, ಜೆ.ಆರ್.ಡಿ. ಟಾಟಾ ಅವರಿಗೆ ಹತ್ತಿರದವರಾದರು.

ಇಲ್ಲಿ ಒಂದು ಮಾತು ಹೇಳಬೇಕು. ವ್ಯಾಪಾರದ ಹಿನ್ನೆಲೆ ಎಂದೊಡನೆ ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನನ್ನು ನೆನೆಯುತ್ತೇವೆ. ಮಸಾನಿ ಸರಕು ಮಾರಿದವರಲ್ಲ, ಗಿರಣಿ ನಡೆಸಿದವರಲ್ಲ. ಸಂಸ್ಥೆಯ ಮಾತನ್ನು ಜನಕ್ಕೂ ಸರಕಾರಕ್ಕೂ ತಿಳಿಯಹೇಳುವುದು ಅವರ ಕೆಲಸ. 1944ರಲ್ಲಿ ಟಾಟಾ, ಬಿರ್ಲಾ ಮೊದಲಾದ ಉದ್ಯಮಿಗಳು ಸೇರಿ ದೇಶದ ಆರ್ಥಿಕ ಅಭಿವೃದ್ಧಿಗೆಂದು ‘ಬಾಂಬೆ ಪ್ಲಾನ್’ ಎಂಬ ಯೋಜನೆಯನ್ನು ಹೊರತಂದಾಗ, ಅದನ್ನು ಸಾಮಾನ್ಯ ಓದುಗರಿಗೆ ತಿಳಿಯಾಗಿ ವಿವರಿಸಿ 1945ರಲ್ಲಿ ಪುಸ್ತಕ ಬರೆದವರು ಇವರೇ. ಸರಕಾರ ಮುಂದೆ ನಿಂತು ಯೋಜನೆ ಹಾಕಬೇಕೆಂದು ಬಂಡವಾಳದವರೇ ಕೇಳಿದ ಕಾಲ ಅದು. ಯೋಜನಾ ಆಯೋಗದ ಪರಮ ವಿರೋಧಿಯೆನಿಸಿದವರು ಒಮ್ಮೆ ಯೋಜನೆಯ ವ್ಯಾಖ್ಯಾನಕಾರರಾಗಿದ್ದರು ಎಂಬುದನ್ನು ಅವರ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ. ನನಗೇನೋ ಹೇಳಬೇಕೆನಿಸುತ್ತದೆ.

1943ರಲ್ಲಿ ಮುಂಬಯಿಯ ಮೇಯರ್, ಆಮೇಲೆ ಸಂವಿಧಾನ ಸಭೆಯ ಸದಸ್ಯ, 1948ರಲ್ಲಿ ಬ್ರೆಜಿಲ್ಲಿಗೆ ನಮ್ಮ ರಾಯಭಾರಿ. ಸಂವಿಧಾನ ಸಭೆಯ ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ, ದೇಶಕ್ಕೆಲ್ಲ ಒಂದೇ ನಾಗರಿಕ ಸಂಹಿತೆ ಬೇಕೆಂದು ಹಂಸಾ ಮೆಹ್ತಾ ಮತ್ತು ರಾಜಕುಮಾರಿ ಅಮೃತ ಕೌರ್ ಅವರೊಡನೆ ಭಿನ್ನಮತ ಬರೆದವರಲ್ಲಿ ಮಸಾನಿಯವರೂ ಒಬ್ಬರು. ಬಹುಮತ ಎಲ್ಲಿದೆಯೆಂದು ನೋಡಿ ಅಭಿಪ್ರಾಯ ಇಟ್ಟುಕೊಳ್ಳುವ ಸ್ವಭಾವ ಅವರದಲ್ಲವೆಂಬುದು ಅಲ್ಲಿಯೇ ಕಾಣುತ್ತದೆ.

1957ರಲ್ಲಿ ಜೈಪಾಲ್ ಸಿಂಗರ ಝಾರ್ಖಂಡ್ ಪಕ್ಷದ ಬೆಂಬಲದಿಂದ, ಪಕ್ಷೇತರರಾಗಿ, ರಾಂಚಿಯಿಂದ ಲೋಕಸಭೆಗೆ ಬಂದರು. ಸದನದಲ್ಲಿ ನೆಹರೂ ಅವರದು ಎದುರಿಲ್ಲದ ಪ್ರಭಾವ. ವಿರೋಧಿಸುವವರು ಕಮ್ಯುನಿಸ್ಟರು, ಸಮಾಜವಾದಿಗಳು. ಅವರ ದೂರೆಲ್ಲ ಸರಕಾರ ಸಾಲದಷ್ಟು ಸಮಾಜವಾದಿಯಾಗಿಲ್ಲವೆಂದು. ಸರಕಾರದ ಕೈ ತೀರ ಉದ್ದವಾಯಿತು ಎನ್ನುವವರೇ ಇರಲಿಲ್ಲವೆಂದರೂ ಸಲ್ಲುತ್ತದೆ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಸಹಕಾರಿ ಸಾಮೂಹಿಕ ಬೇಸಾಯದ ನಿರ್ಣಯ ಮಾಡಿತು. ರೈತನ ಹೊಲದ ಬದು ಅಳಿಸಿದರೆ ಅವನ ಸ್ವಾತಂತ್ರ್ಯವೂ ಅಳಿಯುತ್ತದೆಂದು ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಸಿಡಿದೆದ್ದರು. ಮಸಾನಿ ಅವರ ಕೈ ಹಿಡಿದರು. ಆ ವರ್ಷದ ಜೂನ್ 4ರಂದು ಮದರಾಸಿನಲ್ಲಿ ಸ್ವತಂತ್ರ ಪಕ್ಷ ಘೋಷಿತವಾಯಿತು. ಮುಂದೆ ನಿಂತವರು ಎಂಬತ್ತು ವರ್ಷದ ರಾಜಾಜಿ. ಅಧ್ಯಕ್ಷರು ರಂಗಾ, ಸಂಘಟನೆಯ ಹೊರೆ ಮಸಾನಿಯವರದು. ‘ಪರ್ಮಿಟ್ ಲೈಸೆನ್ಸ್ ರಾಜ್ಯ’ ಎಂಬ ರಾಜಾಜಿಯವರ ಮಾತು ದೇಶದ ತುಂಬ ಹರಡಿತು. ಪಕ್ಷದ 21 ತತ್ತ್ವಗಳಲ್ಲಿ ಕೊನೆಯದು ನನಗೆ ಬಹಳ ಹಿಡಿಸಿದ್ದು: ಮೂಲ ತತ್ತ್ವಗಳಿಗೆ ಸೇರದ ವಿಷಯಗಳಲ್ಲಿ ಸದಸ್ಯರು ತಮ್ಮ ತಮ್ಮ ಮನಸ್ಸಿನಂತೆ ನಡೆಯಬಹುದು. ಇಂಥ ಮಾತನ್ನು ತನ್ನ ನಿಬಂಧನೆಯಲ್ಲೇ ಬರೆದುಕೊಂಡ ಪಕ್ಷ ಎಷ್ಟು ದಿನ ಬಾಳೀತು ಎಂದು ವಾಚಕರು ನಕ್ಕರೆ ತಪ್ಪಿಲ್ಲ.

ಈಗ ಚಿಕ್ಕಜ್ಜನ ಪ್ರಶ್ನೆಗೆ ಬರೋಣ. ಇದು ಸಾಹುಕಾರರ ಪಕ್ಷವೆ? ಸಾಹುಕಾರರ ಹಣ ಬಂದದ್ದು ನಿಜ. ಆದರೆ ಅದು ಬಂದ ಬಗೆಯನ್ನು ನೋಡಬೇಕು. 1961ರಲ್ಲಿ ಜೆ.ಆರ್.ಡಿ. ಟಾಟಾ ಅವರು ನೆಹರೂ ಅವರಿಗೇ ಕಾಗದ ಬರೆದು, ಕಾಂಗ್ರೆಸ್ಸಿಗೆ ಕೊಡುವುದರ ಜೊತೆಗೆ ಸ್ವತಂತ್ರ ಪಕ್ಷಕ್ಕೂ ಹಣ ಕೊಡಲಿದ್ದೇವೆಂದು ತಿಳಿಸಿದರು. ಒಳ್ಳೆಯ ವಿರೋಧ ಪಕ್ಷವೊಂದು ದೇಶಕ್ಕೆ ಬೇಕು ಎಂಬುದು ಅವರ ವಾದ. ನೆಹರೂ ಬೇಸರಿಸಲಿಲ್ಲ, ಕೊಡಲು ನಿಮಗೆ ಸ್ವಾತಂತ್ರ್ಯವುಂಟು, ಆದರೆ ಆ ಪಕ್ಷ ಬಲವಾದ ವಿರೋಧಪಕ್ಷವಾದೀತೆಂಬ ನಿಮ್ಮ ಆಸೆ ಸರಿಯಲ್ಲ ಎಂಬ ಅರ್ಥದಲ್ಲಿ ಉತ್ತರ ಬರೆದರು. ಕೊಡುವವನು ಹೇಳಿ ಕೊಟ್ಟ, ಕೇಳಿಸಿಕೊಂಡವನು ದೊಡ್ಡತನದಿಂದ ಕೇಳಿಸಿಕೊಂಡ. ಎಲ್ಲ ಉದ್ಯಮಿಗಳಿಗೂ ಈ ಎದೆಗಾರಿಕೆ ಇರಲಿಲ್ಲ. ಲೈಸೆನ್ಸು ಕೊಡುವ ಕೈ ಕಾಂಗ್ರೆಸ್ಸಿನದು. ಲೈಸೆನ್ಸಿಲ್ಲದೆ ಗಿರಣಿಗೆ ಒಂದು ಯಂತ್ರ ಹೆಚ್ಚಿಗೆ ತರುವ ಹಾಗಿಲ್ಲ. ತಮ್ಮ ಪರವಾಗಿ ವಾದಿಸುವ ಪಕ್ಷಕ್ಕಿಂತ ತಮ್ಮ ಕೊರಳು ಹಿಡಿದ ಪಕ್ಷಕ್ಕೇ ಹೆಚ್ಚು ಕಾಣಿಕೆ ಸಲ್ಲಿಸಿದ ಸಾಹುಕಾರರು ಬಹಳ. 1969ರಲ್ಲಂತೂ ಕಂಪೆನಿಗಳು ರಾಜಕೀಯ ಪಕ್ಷಗಳಿಗೆ ಹಣ ಕೊಡುವುದನ್ನೇ ಸರಕಾರ ನಿಷೇಧಿಸಿತು. ಅದರಿಂದ ಹೆಚ್ಚು ಪೆಟ್ಟು ತಿಂದದ್ದು ಬೇರೆ ದಾರಿಗಳಿಲ್ಲದ ಸ್ವತಂತ್ರ ಪಕ್ಷ.

ಸಾಹುಕಾರರಿಗಿಂತ ರಾಜಮಹಾರಾಜರ ಸಹವಾಸವೇ ಆ ಪಕ್ಷಕ್ಕೆ ಕುತ್ತಾಯಿತೆಂದು ನನಗೆ ತೋರುತ್ತದೆ. ಜಮೀನ್ದಾರರ, ಕೋಟೆಕೊತ್ತಲಗಳ ಕಾಲದ ಪಕ್ಷವೆಂದು ನೆಹರೂ ಹಾಸ್ಯ ಮಾಡಿದ್ದುಂಟು, ಹಾಸ್ಯದಲ್ಲಿ ಹುರುಳಿರಲಿಲ್ಲವೆನ್ನಲಾಗದು. ಜಯಪುರದ ಮಹಾರಾಣಿ ಗಾಯತ್ರೀದೇವಿ 1962ರಲ್ಲಿ ಅಪಾರ ಬಹುಮತದಿಂದ ಗೆದ್ದರು, ಸರಿ. ಬಿಹಾರದ ರಾಮಗಡದ ರಾಜರು ತಮ್ಮ ದಂಡು ದಳಗಳೊಡನೆ ಬಂದರು, ಬಂದ ಹಾಗೆಯೇ ಹೋದರು. ಲಂಡನ್ನಿನಲ್ಲಿ ಉದಾರವಾದ ಕಲಿತ ಮಸಾನಿ ಇವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತದ್ದು ತತ್ತ್ವದಿಂದಲ್ಲ, ಮತಗಳ ಅವಶ್ಯಕತೆಯಿಂದ. ಅಜ್ಜನ ಜಾಗದಲ್ಲಿ ನಾನಿದ್ದರೆ ಇದೊಂದನ್ನು ಚಿಕ್ಕಜ್ಜನಿಗೆ ಒಪ್ಪಿಬಿಡುತ್ತಿದ್ದೆ.

1962ರಲ್ಲಿ ಪಕ್ಷಕ್ಕೆ ಲೋಕಸಭೆಯಲ್ಲಿ 18 ಸ್ಥಾನ ಬಂದವು, ಮಸಾನಿಯವರೇ ಸೋತರು. ಮರುವರ್ಷ ಮೂರು ಉಪಚುನಾವಣೆಗಳು ದೇಶದ ಗಮನ ಸೆಳೆದವು. ಅಮ್ರೋಹಾದಿಂದ ಕೃಪಲಾನಿ, ಫರೂಕಾಬಾದಿನಿಂದ ಲೋಹಿಯಾ, ರಾಜಕೋಟೆಯಿಂದ ಮಸಾನಿ. ಮೂವರೂ ಗೆದ್ದರು. 1963ರ ಆಗಸ್ಟಿನಲ್ಲಿ ಕೃಪಲಾನಿಯವರು ಲೋಕಸಭೆಯ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ತಂದರು. ಪರವಾಗಿ 62, ವಿರುದ್ಧವಾಗಿ 347. ಸೋಲು ಮೊದಲೇ ಗೊತ್ತಿತ್ತು. ಆದರೆ ಸರಕಾರ ಸದನದ ಮುಂದೆ ನಿಂತು ದಿನಗಟ್ಟಲೆ ಲೆಕ್ಕ ಒಪ್ಪಿಸಬೇಕಾಯಿತಲ್ಲ, ಅದು ಹೊಸತು.

1967 ಸ್ವತಂತ್ರ ಪಕ್ಷದ ಸುಗ್ಗಿಯ ವರ್ಷ. 44 ಸ್ಥಾನಗಳೊಡನೆ ಲೋಕಸಭೆಯ ಅತ್ಯಂತ ದೊಡ್ಡ ವಿರೋಧ ಪಕ್ಷವಾಯಿತು. ನಮ್ಮ ಕಡೆ ಚಿತ್ರದುರ್ಗದಿಂದ ಮೊಹಮ್ಮದ್ ಇಮಾಮರು, ಉಡುಪಿಯಿಂದ ಲೋಬೊ ಪ್ರಭುಗಳು ಅದರ ಹೆಸರಿನಲ್ಲಿ ಹೋದರು. ಅಜ್ಜನ ವೋಟು ಹಾಗಾದರೆ ವ್ಯರ್ಥವಾಗಲಿಲ್ಲ. ಆ ವರ್ಷವೇ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಮಸಾನಿ ಅಧ್ಯಕ್ಷರಾದರು. ಈ ಸಮಿತಿಯ ಕೆಲಸ ಸಭೆಗಳಲ್ಲಿ ಚಪ್ಪಾಳೆ ತರುವಂಥದಲ್ಲ. ಲೋಕಸಭೆಯ 15, ರಾಜ್ಯಸಭೆಯ 7 ಮಂದಿ ಸದಸ್ಯರು ಕುಳಿತು, ಮಹಾಲೇಖಪಾಲರು ಒಪ್ಪಿಸಿದ ವರದಿಯನ್ನು ಮುಂದಿಟ್ಟುಕೊಂಡು, ಪಾರ್ಲಿಮೆಂಟು ಮಂಜೂರು ಮಾಡಿದ ಹಣ ಅದೇ ಕೆಲಸಕ್ಕೆ, ಅಷ್ಟೇ ಮಟ್ಟಿಗೆ ಖರ್ಚಾಯಿತೇ ಎಂದು ಕಾರ್ಯದರ್ಶಿಗಳನ್ನು ಕರೆಸಿ ಕೇಳುವುದು. ಅಲ್ಲಿಯವರೆಗೆ ಅಧ್ಯಕ್ಷ ಪೀಠ ಆಳುವ ಪಕ್ಷದವರದೇ. ಮನೆಯ ಯಜಮಾನನೇ ತನ್ನ ಖರ್ಚಿನ ಲೆಕ್ಕ ತಪಾಸಣೆ ಮಾಡಿಕೊಂಡ ಹಾಗೆ! ವಿರೋಧ ಪಕ್ಷದವರನ್ನು ಆ ಪೀಠದಲ್ಲಿ ಕೂರಿಸುವ ಪದ್ಧತಿ ಮಸಾನಿಯವರಿಂದ ಮೊದಲಾಗಿ ಇಂದಿಗೂ ನಡೆದುಬಂದಿದೆ. ಮಂಡಿಯ ಲೆಕ್ಕ ಬರೆಯುತ್ತಿದ್ದ ಅಜ್ಜನಿಗೆ ಮಸಾನಿ ಮೆಚ್ಚುಗೆಯಾದದ್ದು ಬಹುಶಃ ಇದರಿಂದಲೇ ಇದ್ದೀತು.

ಇಳಿಗಾಲ ಬೇಗ ಬಂತು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಜನ ಇಂದಿರಾ ಗಾಂಧಿಯವರಿಗೆ ಜಯಕಾರ ಹಾಕಿದರು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಆರ್.ಸಿ. ಕೂಪರ್ ಸ್ವತಂತ್ರ ಪಕ್ಷದವರೇ. 1970ರ ಫೆಬ್ರವರಿಯಲ್ಲಿ ಕೋರ್ಟು ಆ ಕಾನೂನನ್ನು ರದ್ದುಮಾಡಿತು. ಸರಕಾರ ಹೊಸ ಕಾನೂನು ತಂದಿತು. ಮೊಕದ್ದಮೆ ಗೆದ್ದವರು ಜನರನ್ನು ಗೆಲ್ಲಲಾರದೆ ಹೋದರು. 1971ರಲ್ಲಿ ಪಕ್ಷಕ್ಕೆ ಉಳಿದದ್ದು 8 ಸ್ಥಾನ. ರಾಜಕೋಟೆಯಲ್ಲಿ ಮಸಾನಿ ಸೋತರು, ಪಕ್ಷದ ಅಧ್ಯಕ್ಷತೆಗೆ ರಾಜೀನಾಮೆ ಕೊಟ್ಟರು. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಭಾರತೀಯ ಲೋಕದಳದಲ್ಲಿ ಕರಗಿತು.

ಮನೆಯೊಳಗೂ ವಿರೋಧ ಪಕ್ಷ ಇತ್ತೆಂಬುದು ಇನ್ನೊಂದು ವಿಶೇಷ. ಪತ್ನಿ ಶಕುಂತಲಾ ಮಸಾನಿಯವರು ಇಂದಿರಾ ಗಾಂಧಿಯವರನ್ನು ಕುರಿತು ಮಕ್ಕಳಿಗಾಗಿ ಪುಸ್ತಕ ಬರೆದರು. ಮಗ ಝರೀರ್ ಮಸಾನಿ 1975ರಲ್ಲಿ ಆಕೆಯ ಜೀವನಚರಿತ್ರೆಯನ್ನೇ ಬರೆದರು. ಒಡೆದ ಮನೆಯ ಆ ನೋವನ್ನು ಮಗ 2012ರಲ್ಲಿ ತಮ್ಮ ನೆನಪುಗಳ ಪುಸ್ತಕದಲ್ಲಿ ತೋಡಿಕೊಂಡಿದ್ದಾರೆ. ದಾವಣಗೆರೆಯ ಜಗಲಿಯ ಜಗಳ ಮುಂಬಯಿಯಲ್ಲೂ ನಡೆದಿತ್ತು.

ಎಲ್ಲ ಸ್ಥಾನಗಳನ್ನೂ ಕಳೆದುಕೊಂಡ ಮೇಲೆ ಮಸಾನಿಯವರು ಮಾಡಿದ ಒಂದು ಕೆಲಸ ನನ್ನ ಮಟ್ಟಿಗೆ ಅವರ ಪಾರ್ಲಿಮೆಂಟಿನ ಭಾಷಣಗಳಿಗಿಂತ ಹೆಚ್ಚಿನದು. 1952ರಿಂದ ‘ಫ್ರೀಡಂ ಫಸ್ಟ್’ ಎಂಬ ಸಣ್ಣ ಮಾಸಪತ್ರಿಕೆ ಅವರ ಆಸರೆಯಲ್ಲಿ ನಡೆಯುತ್ತಿತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ಅಧಿಕಾರಿ ಅದರ ಹಲವು ಬರಹಗಳನ್ನು ಅಚ್ಚುಮಾಡಕೂಡದೆಂದ. ದೊಡ್ಡ ದೊಡ್ಡ ಪತ್ರಿಕೆಗಳು ತಲೆ ಬಾಗಿಸಿದ್ದ ಹೊತ್ತು. ಎಪ್ಪತ್ತರ ಈ ಮುದುಕರು ಮುಂಬಯಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 1976ರಲ್ಲಿ ತೀರ್ಪು ಅವರ ಕಡೆಗಾಯಿತು: ಸರಕಾರವನ್ನು ಹೊಗಳುವಂತೆ ಮಾಡುವುದು ಸೆನ್ಸಾರಿನ ಕೆಲಸವಲ್ಲ, ಸರಕಾರವನ್ನು ಟೀಕಿಸಿದ ಮಾತ್ರಕ್ಕೆ ಬರಹವನ್ನು ತಡೆಯಬಾರದು ಎಂದು. ಆ ತೀರ್ಪಿನಿಂದ ಯಾವ ಗಿರಣಿಯ ಸಾಹುಕಾರನಿಗೂ ಬಿಡಿಗಾಸಿನ ಲಾಭವಾಗಲಿಲ್ಲ.

1978ರಲ್ಲಿ ಜನತಾ ಸರಕಾರ ಅವರನ್ನು ಅಲ್ಪಸಂಖ್ಯಾತರ ಆಯೋಗದ ಮೊದಲ ಅಧ್ಯಕ್ಷರನ್ನಾಗಿ ಮಾಡಿತು. ಅಲ್ಲಿಯೂ ಬಹುಕಾಲ ನಿಲ್ಲಲಿಲ್ಲ. 1998ರ ಮೇ 27ರಂದು ಮುಂಬಯಿಯಲ್ಲಿ ನಿಧನರಾದಾಗ ಅವರಿಗೆ 92 ವರ್ಷ. ಅಷ್ಟು ಹೊತ್ತಿಗೆ, 1991ರ ನಂತರ, ಕಾಂಗ್ರೆಸ್ ಸರಕಾರವೇ ಲೈಸೆನ್ಸುಗಳ ಕಟ್ಟನ್ನು ಬಹುಮಟ್ಟಿಗೆ ಬಿಚ್ಚಿಹಾಕಿತ್ತು. ಹಾಗೆಂದು ಸ್ವತಂತ್ರ ಪಕ್ಷವನ್ನು ಮತ್ತೆ ಕಟ್ಟಲು ಹೊರಟವರಿಗೆ ದಾರಿ ಸುಗಮವಾಗಿರಲಿಲ್ಲ. 1989ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಚುನಾವಣಾ ಆಯೋಗದಲ್ಲಿ ನೋಂದಣಿಯಾಗಬೇಕಾದ ಪಕ್ಷ ಸಮಾಜವಾದಕ್ಕೆ ನಿಷ್ಠೆಯುಳ್ಳದ್ದೆಂದು ತನ್ನ ನಿಬಂಧನೆಯಲ್ಲಿ ಬರೆದುಕೊಡಬೇಕು.

ಚಿಕ್ಕಜ್ಜನ ಪುಸ್ತಕ ಅಜ್ಜನ ಪೆಟ್ಟಿಗೆಗೆ ಬಂದದ್ದು ಹೇಗೆಂದು ತಂದೆಯವರನ್ನು ಕೇಳಿದೆ. ಚಿಕ್ಕಜ್ಜ ಹೋದ ಮೇಲೆ ಅವರ ಪುಸ್ತಕಗಳನ್ನು ಶಾಲೆಗೆ ಕೊಡುವಾಗ ಚಿಕ್ಕಜ್ಜಿ ಇದೊಂದನ್ನು ತೆಗೆದಿಟ್ಟು, “ಇದು ನಿಮ್ಮ ಪಕ್ಷದವರದಂತೆ ಭಾವ, ನೀವೇ ಇಟ್ಟುಕೊಳ್ಳಿ” ಎಂದು ತಂದುಕೊಟ್ಟರಂತೆ. ಅಜ್ಜನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೂ ಕಿರ್ದಿ ಪುಸ್ತಕಗಳ ಜೊತೆಗೆ ಅದಕ್ಕೂ ಒಂದು ರಟ್ಟು ಹಾಕಿಸಿ ಇಟ್ಟಿದ್ದರು.