ಎಷ್ಟು ಎಚ್‌ಪಿ, ಯಾವ ಗಾಳಿಯಲ್ಲಿ?

ಕೊಳ್ಳೇಗಾಲದಿಂದ ಹನೂರಿನ ಕಡೆಗೆ, ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟವರು ದಾಟುವ ಊರು ಮಧುವನಹಳ್ಳಿ. ಈ ಸೀಮೆಗೆ ಎಚ್‌ಪಿ ಎಂಬ ಮಾತು ಬಂದದ್ದು ಕಾರಿನ ಜತೆಗಲ್ಲ, ಪಂಪ್‌ಸೆಟ್ಟಿನ ಜತೆಗೆ. ಬೋರ್‌ವೆಲ್ಲಿಗೆ ಇಳಿಸಿದ್ದು 5 ಎಚ್‌ಪಿಯೋ ಏಳೂವರೆಯೋ, ಕೊಂಡ ಟ್ರ್ಯಾಕ್ಟರ್ 35ರದ್ದೋ 45ರದ್ದೋ ಎಂಬ ಲೆಕ್ಕ ರೈತರ ನಾಲಗೆಯ ಮೇಲೇ ಇರುತ್ತದೆ. ಈಗ ರಜಾ ದಿನಗಳಲ್ಲಿ ಆ ದಾರಿಯ ತಾಳಬೆಟ್ಟದ ತಿರುವುಗಳನ್ನು ಹತ್ತಲು ಬೆಂಗಳೂರಿನಿಂದ ಬರುವ ಪೋಲೊ, ಆಕ್ಟೇವಿಯಾಗಳು ಇನ್ನೊಂದು ಬಗೆಯ ಎಚ್‌ಪಿಯನ್ನು ಹೊತ್ತು ತರುತ್ತಿವೆ. “ಸ್ಟೇಜ್ ಒನ್ ರೀಮ್ಯಾಪ್ ಆಗಿದೆ, ಡೈನೋದಲ್ಲಿ 140 ಬಂತು” ಎನ್ನುವ ಜಾತಿಯದು.

ಪಂಪಿನ ಐದು, ಟ್ರ್ಯಾಕ್ಟರಿನ ನಲವತ್ತೈದು, ಕಾರಿನ ನೂರನಲವತ್ತು ಹೆಸರಿಗೆ ಒಂದೇ ಮಾನದವು. ಅಳೆದ ಜಾಗ ಮಾತ್ರ ಬೇರೆ ಬೇರೆ, ಅಳೆದಾಗಿನ ಷರತ್ತು ಇನ್ನೂ ಬೇರೆ. ಶಕ್ತಿ ಅಳೆಯುವ ಡೈನಮೋಮೀಟರಿನ, ಅಂದರೆ ಡೈನೋದ, ಇನ್ನೂರು ವರ್ಷಗಳ ಚರಿತ್ರೆಯನ್ನು ತಿರುವಿದರೆ, ಯಂತ್ರ ಹೇಗೆ ಸುಧಾರಿಸಿತು ಎಂಬುದಕ್ಕಿಂತ ಈ ಷರತ್ತುಗಳ ಮೇಲೆ ಯಾರು ಯಾರ ಜತೆ ಜಗಳವಾಡಿದರು ಎಂಬುದೇ ಹೆಚ್ಚು ಕಾಣಿಸುತ್ತದೆ.

ಎಚ್‌ಪಿ ಹುಟ್ಟಿದ್ದೇ ಮಾರಾಟಕ್ಕಾಗಿ. ಗಿರಣಿಯ ಕುದುರೆಗಳನ್ನು ಬಿಡಿಸಿ ಉಗಿಯಂತ್ರ ಕೂರಿಸಬೇಕೆಂದಿದ್ದ ಗಿರಾಕಿಗೆ ಜೇಮ್ಸ್ ವಾಟ್ ಹೇಳಬೇಕಿದ್ದುದು ಇಷ್ಟೇ: ಈ ಯಂತ್ರ ಎಷ್ಟು ಕುದುರೆಗೆ ಸಮ? 1780ರ ದಶಕದಲ್ಲಿ ಅವನು ನಿಗದಿ ಮಾಡಿದ ಅಂಕಿ ನಿಮಿಷಕ್ಕೆ 33,000 ಅಡಿ-ಪೌಂಡ್, ಇಂದಿನ ಲೆಕ್ಕದಲ್ಲಿ ಸುಮಾರು 746 ವಾಟ್. ದಿನವಿಡೀ ದುಡಿಯುವ ಸಾಧಾರಣ ಕುದುರೆಗೆ ಅಷ್ಟು ಕಸುವಿರುವುದಿಲ್ಲ. ಮುಂದೆ ಯುರೋಪು 735.5 ವಾಟಿನ ಮೆಟ್ರಿಕ್ ಕುದುರೆಯನ್ನು ಮಾಡಿಕೊಂಡಿತು. ನಮ್ಮ ಕಾರುಗಳ ಜಾಹೀರಾತಿನಲ್ಲಿ ಪಿಎಸ್ ಎಂದು ಬರುವುದು ಇದೇ. ವಾಟನ ಕುದುರೆಯಲ್ಲಿ ಎಣಿಸುವ ಬಿಎಚ್‌ಪಿಗೂ ಇದಕ್ಕೂ ಶೇ 1.4ರಷ್ಟೇ ವ್ಯತ್ಯಾಸ, ಜಗಳವಾಡುವಷ್ಟಿಲ್ಲ.

ಅಳೆಯುವ ಸಾಧನ ಆಮೇಲೆ ಬಂತು. 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೊನಿ ತಿರುಗುವ ಚಕ್ರಕ್ಕೆ ಮರದ ಬಿಗಿಪಟ್ಟಿ ಕಟ್ಟಿ, ಅದು ಎಳೆಯುವ ತೂಕವನ್ನು ತಕ್ಕಡಿಯಲ್ಲಿ ನೋಡಿದ. 1877ರಲ್ಲಿ ವಿಲಿಯಂ ಫ್ರೂಡ್ ಬ್ರಿಟಿಷ್ ನೌಕಾಪಡೆಗಾಗಿ ನೀರಿನ ತಡೆಯಿಂದ ಅಳೆಯುವ ಡೈನೋ ರಚಿಸಿದ. 1930ರ ದಶಕದಲ್ಲಿ ವಿದ್ಯುತ್ಕಾಂತದಿಂದ ತಡೆ ಒಡ್ಡುವ ಎಡ್ಡಿ ಕರೆಂಟ್ ಬಗೆ ಬಂತು. ತತ್ತ್ವ ಮಾತ್ರ ಬದಲಾಗಲಿಲ್ಲ: ತಿರುಗುವುದನ್ನು ತಡೆ, ತಡೆಯಲು ಬೇಕಾದ ಬಲವನ್ನು ತೂಗು, ವೇಗದಿಂದ ಗುಣಿಸು.

ನಮ್ಮ ಮಗ್ಗುಲಲ್ಲೇ ಎಚ್‌ಪಿ ಸರಕಾಗಿ ಬಿಕರಿಯಾದ ಕಥೆಯೊಂದಿದೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ಮಾಡಿದ ವಿದ್ಯುತ್ತು 1902ರ ಜೂನ್‌ನಲ್ಲಿ ನೂರೈವತ್ತು ಕಿಲೋಮೀಟರ್ ಹತ್ತಿರದ ತಂತಿಯಲ್ಲಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಮೈಸೂರು ಸರ್ಕಾರಕ್ಕೂ ಗಣಿ ಕಂಪನಿಗಳಿಗೂ ನಡುವಿನ ವ್ಯಾಪಾರ ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂಬ ಲೆಕ್ಕದ ಮೇಲೆ ನಿಂತಿತ್ತು. ಹೊಳೆಯ ಈಚೆ ದಡದ ಕೊಳ್ಳೇಗಾಲ ಆಗ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ, ಆ ಕುದುರೆಗಳು ನಮ್ಮ ಕಡೆ ಮುಖ ಮಾಡಲಿಲ್ಲ.

ಕೊಂಡವನ ಪರವಾಗಿ ಡೈನೋ ಮೊದಲು ಸಾಕ್ಷಿ ಹೇಳಿದ್ದು ಟ್ರ್ಯಾಕ್ಟರಿನ ವಿಷಯದಲ್ಲಿ. ಅಮೆರಿಕದ ನೆಬ್ರಾಸ್ಕದ ರೈತ ವಿಲ್ಮಟ್ ಕ್ರೋಜಿಯರ್ ಫೋರ್ಡ್ ಎಂಬ ಹೆಸರಿನ ಟ್ರ್ಯಾಕ್ಟರ್ ಕೊಂಡ. ಹೆನ್ರಿ ಫೋರ್ಡನಿಗೂ ಅದಕ್ಕೂ ಸಂಬಂಧವಿರಲಿಲ್ಲ, ಹೊಲಕ್ಕೆ ಇಳಿಸಿದರೆ ಹೇಳಿದಷ್ಟು ಎಳೆಯಲೂ ಇಲ್ಲ. ರೋಸಿಹೋದ ಕ್ರೋಜಿಯರ್ ಶಾಸನಸಭೆಗೆ ಹೋಗಿ 1919ರಲ್ಲಿ ಕಾಯ್ದೆಯನ್ನೇ ಮಾಡಿಸಿದ: ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಾಗದ ಮಾದರಿಯನ್ನು ಆ ರಾಜ್ಯದಲ್ಲಿ ಮಾರುವಂತಿಲ್ಲ. ಮರುವರ್ಷ ವಾಟರ್ಲೂ ಬಾಯ್ ಟ್ರ್ಯಾಕ್ಟರಿನಿಂದ ಪರೀಕ್ಷೆ ಶುರುವಾಯಿತು. ಆ ಪರೀಕ್ಷೆಯ ಹೆಚ್ಚುಗಾರಿಕೆ ಇದ್ದದ್ದು ಒಂದು ವಿವರದಲ್ಲಿ. ಬೆಲ್ಟ್ ತಿರುಗಿಸುವಾಗಿನ ಶಕ್ತಿ ಬೇರೆ, ಹಿಂದಿನ ಕೊಂಡಿಯಿಂದ ಎಳೆಯುವಾಗಿನ ಶಕ್ತಿ ಬೇರೆ ಎಂದು ಎರಡು ಅಂಕಿಗಳನ್ನು ಬಿಡಿಬಿಡಿಯಾಗಿ ಬರೆದುಕೊಂಡರು. ಎಂಜಿನ್‌ನಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ನೆಲಕ್ಕೆ ಎಷ್ಟು ಮುಟ್ಟಿತು ಎಂಬುದು ರೈತನ ಪ್ರಶ್ನೆ ತಾನೇ.

ಭಾರತದಲ್ಲಿ ಈ ಕೆಲಸ ಮಧ್ಯಪ್ರದೇಶದ ಬುದ್ನಿಯ ಕೇಂದ್ರ ಸಂಸ್ಥೆಯದು. ರೊಟವೇಟರ್ ಕೊಳ್ಳುವ ರೈತ ಟ್ರ್ಯಾಕ್ಟರಿನ ಎಂಜಿನ್ ಎಚ್‌ಪಿಗೆ ತೃಪ್ತನಾಗದೆ ಪಿಟಿಒ ಎಚ್‌ಪಿ, ಅಂದರೆ ಉಪಕರಣ ತಿರುಗಿಸುವ ದಂಡಕ್ಕೆ ಮುಟ್ಟುವ ಶಕ್ತಿ, ಎಷ್ಟು ಎನ್ನುತ್ತಾನೆ. ಕೃಷಿ ಯಾಂತ್ರೀಕರಣದ ಸಹಾಯಧನದಲ್ಲೂ ಟ್ರ್ಯಾಕ್ಟರುಗಳ ವರ್ಗ ಮಾಡಿರುವುದು ಪಿಟಿಒ ಎಚ್‌ಪಿಯ ಮೇಲೆಯೇ. ಲಕ್ಷಾಂತರ ಸುರಿದು ಕಾರು ಟ್ಯೂನ್ ಮಾಡಿಸುವ ಎಷ್ಟೋ ಮಂದಿ ಇಷ್ಟನ್ನೂ ಕೇಳುವುದಿಲ್ಲ ಎನ್ನುವುದು ನನಗೆ ಸೋಜಿಗ.

ಕಾರಿನ ಲೋಕ ಈ ಪ್ರಾಮಾಣಿಕತೆಗೆ ಬರಲು ಇನ್ನೂ ಐವತ್ತು ವರ್ಷ ಹಿಡಿಯಿತು. ಅಮೆರಿಕದ ಕಂಪನಿಗಳು 1971ರವರೆಗೆ ಗ್ರಾಸ್ ಎಚ್‌ಪಿ ಹೇಳುತ್ತಿದ್ದವು. ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಎಲ್ಲ ಕಳಚಿ, ಬರೀ ಎಂಜಿನ್ ಅನ್ನು ಬೆಂಚಿನ ಮೇಲಿಟ್ಟು ಅಳೆದದ್ದು ಅದು. ಕಾರಿನಲ್ಲಿ ಇರುವಂತೆಯೇ ಅಳೆಯುವ ನೆಟ್ ಪದ್ಧತಿ 1972ಕ್ಕೆ ಬಂದಾಗ ಕ್ಯಾಡಿಲ್ಯಾಕ್ ಎಲ್ಡೊರಾಡೊದ 8.2 ಲೀಟರ್ ಎಂಜಿನ್ 365ರಿಂದ 235ಕ್ಕೆ ಇಳಿಯಿತು. ಎಂಜಿನ್ ಅದೇ, ಕಾಗದ ಬೇರೆ.

ಬೀದಿಯ ಗ್ಯಾರೇಜಿಗೆ ಡೈನೋ ಬರುವಂತೆ ಮಾಡಿದ್ದು ಅಮೆರಿಕದ ಡೈನೋಜೆಟ್. ಅದರ ಮೂಲ ಯಂತ್ರದಲ್ಲಿ ತಡೆಯೇ ಇಲ್ಲ. ತೂಕ, ಜಡತ್ವ ಗೊತ್ತಿರುವ ದೊಡ್ಡ ಉರುಳೆಯನ್ನು ಗಾಡಿಯ ಚಕ್ರ ತಿರುಗಿಸುತ್ತದೆ. ಉರುಳೆ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಶಕ್ತಿಯ ಲೆಕ್ಕ. ಅಗ್ಗ, ಸರಳ, ಮತ್ತೆ ಮತ್ತೆ ಅದೇ ಅಂಕಿ ಕೊಡುವಂಥದು. ಅದರ ಮೊದಲ ದಿನಗಳ ಬಗ್ಗೆ ಟ್ಯೂನರ್‌ಗಳ ನಡುವೆ ಒಂದು ಕಥೆ ಓಡಾಡುತ್ತದೆ. 1985ರ ಯಮಹಾ ವಿ-ಮ್ಯಾಕ್ಸ್ ಬೈಕಿಗೆ ಕಂಪನಿ ಹೇಳಿದ್ದು 145 ಎಚ್‌ಪಿ. ಶುದ್ಧ ಭೌತಶಾಸ್ತ್ರದಿಂದ ಹೊರಬಂದ ಅಂಕಿ ತೀರಾ ಕಡಿಮೆಯಾಗಿ ಕಂಡಿತಂತೆ, ಕೊನೆಗೆ ಹಿಂದಿನ ಚಕ್ರದಲ್ಲಿ 120 ಬರುವಂತೆ ಗುಣಕವೊಂದನ್ನು ಸೇರಿಸಿದರಂತೆ. ಕಥೆ ನಿಜವೇ ಎಂದು ಕೂದಲು ಸೀಳಬೇಕಿಲ್ಲ. ಬ್ರೇಕ್ ಬಗೆಯ ಡೈನೋಗಳು ಡೈನೋಜೆಟ್‌ಗಿಂತ ಕಡಿಮೆ ತೋರಿಸುತ್ತವೆ ಎಂಬ ದೂರು ಮಾತ್ರ ಇಂದಿಗೂ ಪ್ರತಿ ಗ್ಯಾರೇಜಿನಲ್ಲೂ ಕೇಳಿಬರುತ್ತದೆ.

ಆದರೂ ಈ ಗ್ಯಾರೇಜ್ ಡೈನೋಗಳೇ ದೊಡ್ಡ ಕಂಪನಿಗಳನ್ನು ಕಟಕಟೆಗೆ ತಂದವು. 1999ರ ಫೋರ್ಡ್ ಮಸ್ಟಾಂಗ್ ಕೋಬ್ರಾಕ್ಕೆ 320 ಎಂದು ಹೇಳಿದ್ದರು. ಕೊಂಡವರು ಉರುಳೆಯ ಮೇಲೆ ಏರಿಸಿ ನೋಡಿ ಗದ್ದಲ ಎಬ್ಬಿಸಿದ ಮೇಲೆ ಫೋರ್ಡ್ ಮಾರಾಟ ನಿಲ್ಲಿಸಿ, ಮಾರಿದ ಕಾರುಗಳ ಇನ್‌ಟೇಕನ್ನೂ ಸೈಲೆನ್ಸರನ್ನೂ ಸರಿಪಡಿಸಿಕೊಟ್ಟಿತು. ಹೇಳಿದಷ್ಟು ಶಕ್ತಿಯಿಲ್ಲದ 2001ರ ಮಾದರಿಯ ಮಿಯಾಟಾ ಕಾರುಗಳನ್ನು ಮಾಜ್ದಾ ಕಂಪನಿ ವಾಪಸು ಕೊಳ್ಳಲು ಮುಂದಾಯಿತು. ಜಪಾನಿನಲ್ಲಿ ತಿರುಗುಮುರುಗು. 280 ಪಿಎಸ್ ಮೀರುವುದಿಲ್ಲ ಎಂದು ಅಲ್ಲಿನ ಕಂಪನಿಗಳು 2004ರವರೆಗೂ ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದರಿಂದ, ಸ್ಕೈಲೈನ್ ಜಿಟಿ-ಆರ್‌ನಂಥ ಕಾರು ಇದ್ದದ್ದಕ್ಕಿಂತ ಕಡಿಮೆ ಹೇಳಿಕೊಂಡೇ ಮಾರಾಟವಾಯಿತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಅದಕ್ಕಿಂತ ದೊಡ್ಡ ಮೋಟಾರಿಗೂ ಹತ್ತರ ಫಲಕವೇ ಇರಲಿ ಎಂಬ ಆಸೆ ಯಾಕೆ ಹುಟ್ಟುತ್ತದೆಂದು ಮಧುವನಹಳ್ಳಿಯವರಿಗೆ ಜಪಾನಿನಿಂದ ಯಾರೂ ಬಂದು ಹೇಳಿಕೊಡಬೇಕಿಲ್ಲ.

ನಮ್ಮಲ್ಲಿ ಮಾರ್ಪಾಡಿನ ಹುಚ್ಚು ಬೈಕಿನಿಂದ ಹತ್ತಿತು. 1983ರಲ್ಲಿ ಬಂದ ರಾಜದೂತ್ 350ಕ್ಕೆ ಮೊದಲು 30.5 ಬಿಎಚ್‌ಪಿ, ಆಮೇಲಿನ ಲೋ ಟಾರ್ಕ್ ಮಾದರಿಗೆ 27. ಈ ಮೂರೂವರೆಗಾಗಿ ನಡೆದ ಬೀದಿ ವಾದಗಳಿಗೆ ಲೆಕ್ಕವಿಲ್ಲ. ಶೋಲಾವರಂ ರೇಸು, ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಗೆ ಗಾಡಿ ಸಜ್ಜು ಮಾಡುತ್ತಿದ್ದ ಮೆಕ್ಯಾನಿಕ್‌ಗಳ ಬಳಿ ಡೈನೋ ಇರಲಿಲ್ಲ. ಕಿವಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ, ಸ್ಟಾಪ್‌ವಾಚು, ಇಷ್ಟೇ ಅವರ ಸಲಕರಣೆ. ಸುಳ್ಳು ಹೇಳಿದರೆ ಮುಂದಿನ ಹಂತದಲ್ಲೇ ಗಡಿಯಾರ ಬಯಲು ಮಾಡುತ್ತಿತ್ತು. 2000ದ ನಂತರ ಹೋಂಡಾ ಸಿಟಿ ವಿಟೆಕ್‌ನ 106 ಕುದುರೆ, ಆಮೇಲೆ ಕಾಮನ್ ರೇಲ್ ಡೀಸೆಲ್, ಟಿಎಸ್ಐ ಪೆಟ್ರೋಲ್ ಬಂದವು. ಕಾರ್ಬುರೇಟರಿನ ಜೆಟ್ ಬದಲಿಸುತ್ತಿದ್ದ ಕೈಗೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು (ಇಸಿಯು) ತಿದ್ದಿ ರೀಮ್ಯಾಪ್ ಮಾಡಲು, ಲ್ಯಾಪ್‌ಟಾಪ್ ಬಂತು. ಪವರ್‌ಟ್ರಾನಿಕ್ ಎಂಬ ಜೋಡುಪೆಟ್ಟಿಗೆ ಮಾಡುವ ರೇಸ್ ಡೈನಾಮಿಕ್ಸ್ ಬೆಂಗಳೂರಿನದೇ. ಟ್ಯೂನಿಂಗ್ ಮಾರುವವರೇ ಡೈನೋವನ್ನೂ ಇಟ್ಟುಕೊಂಡದ್ದರಿಂದ ಡೈನೋ ಹಾಳೆ ಮಾರಾಟದ ರಸೀತಿಯೂ ಆಯಿತು. ನನ್ನ ತಕರಾರು ಇರುವುದು ಇಲ್ಲಿ: ಅಳೆಯುವವನೂ ಮಾರುವವನೂ ಒಬ್ಬನೇ.

ಆ ಅಳತೆಗೆ ಗಾಳಿಯ ಷರತ್ತೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 910 ಮಿಲಿಬಾರ್ ಆಸುಪಾಸು, ಸಮುದ್ರದಂಡೆಯಲ್ಲಿ 1013. ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಹತ್ತರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ಬೇರೆ ಬೇರೆ ಊರಿನ ಅಂಕಿಗಳನ್ನು ಹೋಲಿಸಲು ಎಸ್ಎಇ ಜೆ1349 ಎಂಬ ತಿದ್ದುಪಡಿ ಸೂತ್ರವಿದೆ. 25 ಡಿಗ್ರಿ ಬಿಸಿ, 990 ಮಿಲಿಬಾರ್ ಒಣಗಾಳಿ ಇದ್ದಿದ್ದರೆ ಎಷ್ಟು ಬರುತ್ತಿತ್ತು ಎಂದು ಅದು ಹೇಳುತ್ತದೆ. ಬೆಂಗಳೂರಿನ ಹದವಾದ ದಿನದಲ್ಲಿ ಈ ಗುಣಕ ಸುಮಾರು 1.12. ಹಳೆಯ ಹೋಂಡಾ ಸಿಟಿಗೆ ಇದು ನ್ಯಾಯ. ಟರ್ಬೊ ಕಾರಿನ ಕಥೆ ಬೇರೆ. ಹೊರಗೆ ಗಾಳಿ ತೆಳುವಾದರೆ ಅದರ ಇಸಿಯು ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿ, ಮ್ಯಾನಿಫೋಲ್ಡಿನಲ್ಲಿ ಬೇಕಾದ ಒತ್ತಡವನ್ನು ತಾನೇ ತುಂಬಿಕೊಳ್ಳುತ್ತದೆ. ನಷ್ಟವನ್ನು ಕಾರೇ ತುಂಬಿಕೊಂಡ ಮೇಲೆ ಸೂತ್ರ ಇನ್ನೊಮ್ಮೆ ತುಂಬಿಕೊಡುತ್ತದೆ. ಮೊದಲು ಹೇಳಿದ ಆ 140ನ್ನು 1.12ರಿಂದ ಭಾಗಿಸಿ ನೋಡಿ: ಉರುಳೆ ನಿಜವಾಗಿ ಕಂಡದ್ದು 125.

ಇದು ಚಕ್ರದ ಲೆಕ್ಕ. ಎಂಜಿನ್‌ನ ಲೆಕ್ಕಕ್ಕೆ ಏರಿಸಲು ‘ಗೇರ್‌ಬಾಕ್ಸ್ ನಷ್ಟ ಶೇ 15’ ಎಂಬ ವಾಡಿಕೆಯಿಂದ 140ನ್ನು 0.85ರಿಂದ ಭಾಗಿಸಿದರೆ 165 ಆಗುತ್ತದೆ. ಒಂದೇ ಕಾರಿನ ಒಂದೇ ಓಟಕ್ಕೆ 125, 140, 165 ಮೂರೂ ಅಂಕಿ ಸಿಕ್ಕವು. ಮೂರರಲ್ಲಿ ಯಾವುದನ್ನು ಹೇಳಿದರೂ ಯಾರೂ ಸುಳ್ಳಾಡಿದಂತಾಗುವುದಿಲ್ಲ. ಶೇ 15 ಅನ್ನುವುದೇ ಊಹೆ. ಶಕ್ತಿ ಹೆಚ್ಚಿದಷ್ಟೂ ಗೇರಿನ ತಿಕ್ಕಾಟ ಅದೇ ಪ್ರಮಾಣದಲ್ಲಿ ಹೆಚ್ಚಬೇಕೆಂದಿಲ್ಲ.

ಹಾಗಾಗಿ ಕೊನೆಯ ಅಂಕಿಗಿಂತ ವ್ಯತ್ಯಾಸವನ್ನು ನಂಬುವುದು ಮೇಲು. ರೀಮ್ಯಾಪಿಗೆ ಮುಂಚೆ ಮೂರು ಓಟ, ಆಮೇಲೆ ಮೂರು ಓಟ. ಅದೇ ಉರುಳೆ, ಅದೇ ದಿನ, ಅದೇ ಗೇರು, ಟೈರಿನಲ್ಲಿ ಅದೇ ಗಾಳಿ, ಕಾರನ್ನು ಕಟ್ಟಿದ ಪಟ್ಟಿಯಲ್ಲಿ ಅದೇ ಬಿಗಿ, ಎದುರು ಅದೇ ಫ್ಯಾನು. ತಣ್ಣಗಿದ್ದಾಗ ಒಂದು ಓಟ ಓಡಿಸಿ ಅದನ್ನೇ ಫ್ರೇಮ್ ಹಾಕಿಸುವುದು ಸುಲಭ. ಇಂಟರ್‌ಕೂಲರ್ ಕಾದ ಮೇಲಿನ ಮೂರನೆಯ ಓಟ ಏನು ಹೇಳುತ್ತದೆಂದು ನೋಡಬೇಕು, ತಾಳಬೆಟ್ಟ ಹತ್ತುವಾಗ ಸಿಗುವುದು ಆ ಶಕ್ತಿ. ಗ್ರಾಫನ್ನೂ ಕಣ್ಣಿಟ್ಟು ನೋಡಬೇಕು. ಟಾರ್ಕನ್ನು ಪೌಂಡ್-ಅಡಿಯಲ್ಲಿ, ಶಕ್ತಿಯನ್ನು ಎಚ್‌ಪಿಯಲ್ಲಿ ಒಂದೇ ಮಾಪಕದ ಮೇಲೆ ಎಳೆದಿದ್ದರೆ ಎರಡು ಗೆರೆಗಳು 5,252 ಆರ್‌ಪಿಎಂನಲ್ಲಿ ಕೂಡಲೇಬೇಕು. ಕೂಡದಿದ್ದರೆ ಎಂಜಿನ್ ವೇಗವನ್ನು ಡೈನೋ ತಪ್ಪಾಗಿ ಓದಿದೆ, ಇಲ್ಲವೇ ಚಿತ್ರ ಬಿಡಿಸಿದವರ ಕೈವಾಡವಿದೆ. ಡೈನೋಜೆಟ್ ಹಾಳೆಯ ಮೂಲೆಯಲ್ಲಿ ಸ್ಮೂದಿಂಗ್ ಎಷ್ಟೆಂದು ಸೊನ್ನೆಯಿಂದ ಐದರವರೆಗಿನ ಅಂಕಿ ಇರುತ್ತದೆ. ಸೊನ್ನೆಯಿದ್ದರೆ ಟೈರು ಜಾರಿದ ಒಂದು ಮುಳ್ಳನ್ನೇ ಗರಿಷ್ಠ ಶಕ್ತಿ ಎಂದು ಎಣಿಸಿರಬಹುದು.

ಉರುಳೆಯೇ ಬೇಡವೆನ್ನುವವರಿಗೆ ಗಡಿಯಾರವಿದೆ. ಆಳು ಸಮೇತ 1,200 ಕೆಜಿ ತೂಗುವ ಕಾರು ಗಂಟೆಗೆ 80ರಿಂದ 120 ಕಿ.ಮೀ.ಗೆ ಏರಲು ಬೇಕಾದ ಚಲನಶಕ್ತಿ 370 ಕಿಲೋಜೂಲ್. ಆರು ಸೆಕೆಂಡಿನಲ್ಲಿ ಏರಿತೆಂದರೆ ಸರಾಸರಿ 84 ಪಿಎಸ್. ಗಾಳಿ, ಟೈರುಗಳ ತಡೆಗೆಂದು ಇನ್ನೊಂದು 15 ಸೇರಿಸಿದರೆ ಚಕ್ರದಲ್ಲಿ ನೂರು. ಇದನ್ನು ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ನಲ್ಲಿ ಮಾಡಬೇಕೇ ಹೊರತು ಕಬ್ಬಿನ ಗಾಡಿ, ಪಾದಯಾತ್ರೆಯವರು ಓಡಾಡುವ ಮಧುವನಹಳ್ಳಿ ರಸ್ತೆಯಲ್ಲಿ ಅಲ್ಲ. ಕಾನೂನೂ ನೆನಪಿರಲಿ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು.

ಡೈನೋ ಮೇಲಿದ್ದೇನೆ ಎಂದು ಕಾರಿಗೇ ಗೊತ್ತಾಗಬಹುದೆಂಬುದನ್ನು 2015ರ ಫೋಕ್ಸ್‌ವ್ಯಾಗನ್ ಹಗರಣ ತೋರಿಸಿತು. ಚಕ್ರ ತಿರುಗುತ್ತಿದೆ, ಸ್ಟಿಯರಿಂಗ್ ಅಲುಗುತ್ತಿಲ್ಲ ಎಂಬಂಥ ಸುಳಿವು ಹಿಡಿದು ಅದರ ಡೀಸೆಲ್ ಕಾರುಗಳು ಪರೀಕ್ಷೆಯಲ್ಲಿ ಮಾತ್ರ ಶುದ್ಧ ಹೊಗೆ ಬಿಡುತ್ತಿದ್ದವು. ಈಗ ಉರುಳೆಯ ಮೇಲೆ ಎಲೆಕ್ಟ್ರಿಕ್ ಕಾರುಗಳೂ ಹತ್ತುತ್ತಿವೆ. ಅವುಗಳಿಗೆ ಕ್ಷಣದ ಗರಿಷ್ಠ ಶಕ್ತಿಯ ಜತೆಗೆ ಅರ್ಧ ಗಂಟೆ ತಡೆದು ನಿಲ್ಲಬಲ್ಲ ಶಕ್ತಿ ಎಷ್ಟು ಎಂಬ ಎರಡನೆಯ ಅಳತೆಯನ್ನು ಅಂತರರಾಷ್ಟ್ರೀಯ ನಿಯಮ ಕೇಳುತ್ತದೆ. ಗ್ಯಾರೇಜಿನ ಹಾಳೆಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ಹವಾ ತಿದ್ದುಪಡಿಯ ಗುಂಡಿಯನ್ನು ಆಫ್ ಮಾಡಲು ಮರೆತಿದ್ದರೆ, ಗಾಳಿಯನ್ನೇ ಉಸಿರಾಡದ ಆ ಮೋಟಾರಿಗೂ ಬೆಂಗಳೂರಿನ ಎತ್ತರದ ಹೆಸರಿನಲ್ಲಿ ಶೇ 12ರಷ್ಟು ಎಚ್‌ಪಿ ಪುಕ್ಕಟೆ.