ಲೋಣಾವಳದಿಂದ ಕಾವೇರಿಗೆ ಬಂದ ಮೀನು



ಮುಂಬೈನಲ್ಲಿ ಇರೋರು ಪೊವಾಯಿ ಕೆರೆ ನೋಡಿರ್ತೀರಿ. ಪುಣೆಯವರು ಮುಳಾ-ಮುಠಾ ಸೇತುವೆ ಮೇಲೆ ಟ್ರಾಫಿಕ್‌ನಲ್ಲಿ ನಿಂತು ಕೆಳಗೆ ನೋಡಿರ್ತೀರಿ. ಎಷ್ಟೋ ಸಲ ನೀರೇ ಕಾಣದ ಹಾಗೆ ಹಸಿರು ಹಾಸಿರುತ್ತೆ. ವಾಟರ್ ಹಯಸಿಂತ್, ನಮ್ಮ ಕಡೆ ಅಂತರಗಂಗೆ ಅಂತಲೂ ಕರೀತಾರೆ. ದಕ್ಷಿಣ ಅಮೆರಿಕದ ಗಿಡ ಇದು. ನೇರಳೆ ಹೂವಿನ ಚಂದಕ್ಕೆ ಮರುಳಾಗಿ ಮನುಷ್ಯರೇ ದೇಶದೇಶಕ್ಕೆ ಒಯ್ದರು. ಹೊರಗಿಂದ ಬಂದು ಆವರಿಸಿಕೊಳ್ಳೋ ಜೀವಿ ಅಂದ್ರೆ ನಮಗೆ ನೆನಪಾಗೋದು ಇಂಥ ಗಿಡವೇ, ಯಾಕಂದ್ರೆ ಅದು ಕಣ್ಣಿಗೆ ಕಾಣುತ್ತೆ.

ನೀರಿನ ಒಳಗೆ ನಡೆಯೋದು ಕಾಣಲ್ಲ. ಅದರಲ್ಲೂ ಬಂದದ್ದು ಅಲ್ಲಿದ್ದ ಮೀನಿನ ದಾಯಾದಿಯೇ ಆಗಿದ್ದು, ಒಳ್ಳೇ ಕೆಲಸ ಅಂತ ನಾವೇ ಬಿಟ್ಟಿದ್ದರೆ ಇನ್ನೂ ಕಾಣಲ್ಲ. ಇವತ್ತು ಹೇಳೋದು ಅಂಥ ಒಂದು ಕಥೆ. ಅದು ಶುರುವಾಗೋದು ಪುಣೆಯಲ್ಲಿ, ಮುಟ್ಟೋದು ನಮ್ಮ ಕಾವೇರಿಯನ್ನ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿದ್ದೀರಲ್ಲ, ಅಲ್ಲಿ ಮುಗಿಬೀಳೋ ದೊಡ್ಡ ಹುರುಪೆಯ ಮೀನುಗಳು ಮಹಶೀರ್ ಕುಲದವು. ಈ ಕುಲದ ಒಂದು ಜಾತಿಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 1839ರಲ್ಲಿ. ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. ಬಾಂಬೆ ಸರ್ಕಾರಕ್ಕೆ ದಖ್ಖನಿನ ಅಂಕಿಅಂಶ ಒಟ್ಟುಮಾಡೋದು ಅವನ ಕೆಲಸ, ಹಕ್ಕಿ ಮೀನು ಬರೆದಿಡೋದು ಹುಚ್ಚು. ಅವನ ಒಂದು ಅಭ್ಯಾಸ ನನಗೆ ತುಂಬ ಇಷ್ಟ. ಮೀನಿಗೆ ಲ್ಯಾಟಿನ್ ಹೆಸರು ಹುಡುಕೋ ಬದಲು ಅಲ್ಲಿನ ಜನ ಕರೆಯೋ ಹೆಸರನ್ನೇ ಎಷ್ಟೋ ಕಡೆ ಇಟ್ಟುಬಿಟ್ಟ. ಹಾಗಾಗಿ ಪುಣೆಯ ಪೂರ್ವಕ್ಕೆ ಮುಳಾ-ಮುಠಾದಲ್ಲಿ ಸಿಕ್ಕ ಮಹಶೀರ್ ಇವತ್ತಿಗೂ ಟೋರ್ ಖುದ್ರಿ. ರೆಕ್ಕೆಯಲ್ಲಿ ನೀಲಿ ಛಾಯೆ ಇರೋದರಿಂದ ನೀಲಿ ರೆಕ್ಕೆಯ ಮಹಶೀರ್ ಅಂತಾರೆ.

ಈಗ ಮ್ಯಾಪ್ ತೆಗೀರಿ. ಮುಳಾ-ಮುಠಾ ಸೇರೋದು ಭೀಮೆಗೆ, ಭೀಮೆ ಕಲಬುರಗಿ, ಯಾದಗಿರಿ ದಾಟಿ ಕೃಷ್ಣೆಗೆ. ತುಂಗೆಯೂ ತುಂಗಭದ್ರೆಯಾಗಿ ಕೃಷ್ಣೆಗೇ. ಅಂದ್ರೆ ಪುಣೆಯ ಹೊಳೆಗೂ ಶೃಂಗೇರಿಯ ಹೊಳೆಗೂ ನೀರಿನ ನಂಟಿದೆ. ಕಾವೇರಿಗೆ ಇಲ್ಲ. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ, ಅದರ ಗಡಿ ಎರಡು ಕಣಿವೆಗಳ ನಡುವಿನ ದಿಣ್ಣೆ. ಆ ದಿಣ್ಣೆಯ ಆಚೆ ಈಚೆ ಲಕ್ಷಾಂತರ ವರ್ಷ ಬೇರೆಬೇರೆ ಬಾಳಿದ ಮೀನುಗಳು ಬೇರೆ ಜಾತಿಗಳಾಗಿಬಿಡ್ತವೆ.

ಕಾವೇರಿಯಲ್ಲಿ ಹಾಗೆ ರೂಪುಗೊಂಡದ್ದು ಡುಬ್ಬದ ಮಹಶೀರ್. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ, ಮೈ ಅಂತೂ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಹತ್ತಿರ ಹತ್ತಿರ 54 ಕಿಲೋ ತೂಗಿತ್ತು. ಕಾಡುಪ್ರಾಣಿಗಳ ಚರ್ಮ ಹದಮಾಡಿ ನಿಲ್ಲಿಸೋ ಕೆಲಸಕ್ಕೆ ಹೆಸರಾದ ಮನೆತನದವರು ಅವರು. ಗಾಳ ಹಾಕೋ ಬಿಳಿಯರು ಈ ಮೀನಿಗಾಗಿ ಹಡಗು ಹತ್ತಿ ಬರ್ತಿದ್ದರು. ಇಷ್ಟೆಲ್ಲ ಖ್ಯಾತಿ ಇದ್ದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ! ಸೈಕ್ಸ್ ಬೇರೊಂದು ಮೀನಿಗೆ ಇಟ್ಟ ಹೆಸರನ್ನ ಇದಕ್ಕೆ ಅಂಟಿಸಿ ಎಲ್ಲರೂ ಸುಮ್ಮನಾಗಿದ್ದರು.

ಇನ್ನು ಲೋಣಾವಳ. ವೀಕೆಂಡ್‌ನಲ್ಲಿ ನೀವು ಚಿಕ್ಕಿ ತರೋಕೆ ಹೋಗ್ತೀರಲ್ಲ, ಅಲ್ಲೇ ವಳವಣ ಅಣೆಕಟ್ಟಿದೆ. ಟಾಟಾದವರು ಸುಮಾರು ನೂರು ವರ್ಷದ ಹಿಂದೆ ಮುಂಬೈಗೆ ಕರೆಂಟ್ ಕೊಡೋಕೆ ಕಟ್ಟಿದ್ದು. ಅಣೆಕಟ್ಟು ಬಂದರೆ ಮೀನು ಮೊಟ್ಟೆ ಇಡೋಕೆ ಮೇಲಕ್ಕೆ ಹೋಗೋ ದಾರಿ ಮುಚ್ಚುತ್ತೆ. ಮಹಶೀರ್ ಕಡಿಮೆಯಾಗ್ತಿದೆ ಅಂತ ಕಂಡು 1970ರ ಸುಮಾರಿಗೆ ಅಲ್ಲಿ ಸಿ.ವಿ. ಕುಲಕರ್ಣಿ ಅನ್ನೋ ಮೀನುಗಾರಿಕೆ ತಜ್ಞರು ಖುದ್ರಿಯ ಕೃತಕ ಸಂತಾನೋತ್ಪತ್ತಿ ಮಾಡಿಸಿದರು. ಆ ಕಾಲಕ್ಕೆ ದೊಡ್ಡ ಸಾಧನೆ, ಅದನ್ನ ಚಿಕ್ಕದು ಮಾಡೋ ಉದ್ದೇಶ ನನಗಿಲ್ಲ. ಮೊಟ್ಟೆ ಹಿಂಡಿ ತೆಗೆದು, ತಟ್ಟೆಗಳಲ್ಲಿ ಮರಿ ಮಾಡಿ ಬೆಳೆಸಿದರು. ಮರಿ ಹೆಚ್ಚಾದವು. ಬೇರೆ ರಾಜ್ಯಗಳಿಗೆ ಕಳಿಸಿದರು. ಕಾವೇರಿಗೂ ಬಂದವು.

ಯಾಕೆ ಬೇಡ ಅಂತಾರೆ? ಕಾವೇರಿಯಲ್ಲೂ ಮಹಶೀರ್ ಕಡಿಮೆಯಾಗ್ತಿತ್ತು. ಕೆಆರ್‌ಎಸ್, ಮೆಟ್ಟೂರು ಬಂದು ಹೊಳೆಯ ಹರಿವೇ ಬದಲಾಗಿತ್ತು, ಸಿಡಿಮದ್ದು ಹಾಕಿ ಹಿಡಿಯೋರಿದ್ದರು. ಮಹಶೀರ್ ಕಮ್ಮಿ, ಮಹಶೀರ್ ಬಿಟ್ಟೆವು. ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ.

ಕನಕಪುರ ದಾಟಿ ಸಂಗಮದ ಆಚೆ ಗಾಳಿಬೋರೆ ಅಂತ ಒಂದು ಕ್ಯಾಂಪ್. ಅಲ್ಲಿ ಗಾಳಕ್ಕೆ ಬಿದ್ದ ಮೀನನ್ನ ತೂಕ ಮಾಡಿ, ಬರೆದುಕೊಂಡು, ವಾಪಸ್ ಬಿಡೋ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಲೆಕ್ಕವನ್ನ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಬಿಡಿಸಿ ನೋಡಿದರು. 23,620 ಗಂಟೆ ಗಾಳ, 6,161 ಮಹಶೀರ್. ಒಟ್ಟು ಲೆಕ್ಕದಲ್ಲಿ ಮೀನು ಹೆಚ್ಚಾಗ್ತಾ ಇತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಆಮೇಲೆ ಅದೇ ಡೇಟಾವನ್ನ ನೀಲಿ ರೆಕ್ಕೆ, ಡುಬ್ಬ ಅಂತ ಬೇರೆ ಮಾಡಿದರು. ಹೆಚ್ಚಾದದ್ದು ಖುದ್ರಿ ಮಾತ್ರ. ಡುಬ್ಬದ ಮೀನು ಸಿಗೋದು ಅಪರೂಪವಾಗ್ತಾ, ಸಿಕ್ಕಿದ್ದೂ ಹಳೇ ದೊಡ್ಡ ಮೀನೇ ಆಗ್ತಾ ಬಂದಿತ್ತು. ಮರಿಗಳೇ ಇಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಬಿಟ್ಟು ಇನ್ಯಾರೂ ಉಳಿಯದ ಊರಿನ ಹಾಗೆ.

ತಪ್ಪೆಲ್ಲ ಖುದ್ರಿಯದೇ ಅಂತ ನಾನು ಹೇಳಲ್ಲ. ಅಣೆಕಟ್ಟು, ಮರಳು, ಸಿಡಿಮದ್ದು ಎಲ್ಲ ಸೇರಿದೆ. ಆದರೆ ಸೊರಗಿದ ಹೊಳೆಗೆ ಹೊರಗಿನ ಮರಿ ತಂದು ಸುರಿದರೆ, ಇದ್ದಷ್ಟು ಮೇವು, ಇದ್ದಷ್ಟು ಮಡುವಿಗೆ ಪೈಪೋಟಿ ಬಿಗಿಯಾಗುತ್ತೆ. ಇದನ್ನ ಹಿಡ್ಕೊಂಡು ಯಾರಾದ್ರೂ "ನೋಡಿ, ಹೊರಗಿನವರು ಬಂದ್ರೆ ಹೀಗೇ" ಅಂತ ಶುರು ಮಾಡಿದ್ರೆ, ದಯವಿಟ್ಟು ಬೇಡ. ನಾವೇ ಇಲ್ಲಿ ಹೊರಗಿನವರು ಸ್ವಾಮಿ! ಮನುಷ್ಯರೆಲ್ಲ ಒಂದೇ ಜಾತಿಯ ಜೀವಿ. ಖುದ್ರಿ, ಡುಬ್ಬದ ಮೀನು ಎರಡು ಜಾತಿ.

ಹೆಸರಿಲ್ಲದ್ದನ್ನ ಉಳಿಸೋದೂ ಕಷ್ಟ. ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾದ್ರೆ ಮೊದಲು ವೈಜ್ಞಾನಿಕ ಹೆಸರು ಬೇಕು. 2018ರಲ್ಲಿ ಆ ಗಂಟು ಬಿಡಿಸಿತು. ಕಾವೇರಿಗೆ ಸೇರೋ ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಿದ್ದ ಟೋರ್ ರೆಮಾದೇವಿ ಅನ್ನೋ ಜಾತಿ, ಈ ಡುಬ್ಬದ ದೈತ್ಯ ಎರಡೂ ಒಂದೇ ಅಂತ ಡಿಎನ್‌ಎ ಮತ್ತು ಮೈಕಟ್ಟು ಹೋಲಿಸಿ ತೋರಿಸಿದರು. ಮತ್ಸ್ಯವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಅದೇ ವರ್ಷ ಐಯುಸಿಎನ್ ಅದನ್ನ ತೀವ್ರ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ಸಿಕ್ಕ ವರ್ಷವೇ ಅಳಿವಿನಂಚಿನ ಸರ್ಟಿಫಿಕೇಟೂ ಸಿಕ್ಕಿತು.

ಆ ಹೋಲಿಕೆಗೆ ಬೇಕಾದ ಮೀನು ಅವರಿಗೆ ಸಿಕ್ಕಿದ್ದು ಮೋಯಾರ್ ಹೊಳೆಯಲ್ಲಿ. ಬಂಡೀಪುರದಿಂದ ಊಟಿಗೆ ಹೋಗುವಾಗ ಗಡಿಯ ಹತ್ತಿರ ಒಂದು ಸೇತುವೆ ದಾಟ್ತೀವಲ್ಲ, ಕೆಳಗೆ ಹರಿಯೋದು ಅದೇ. ಮುಂದೆ ಆಳವಾದ ಕಮರಿಗೆ ಇಳಿದು ಭವಾನಿ ಸೇರುತ್ತೆ, ಭವಾನಿ ಕಾವೇರಿಗೆ.