ಮುಖದಲ್ಲಿರುವ ಬೆಳ್ಳಿ

ಹಳೇ ಪೇಪರಿನವನು, ಹಳೇ ಪಾತ್ರೆಯವನು ಬೀದಿಗೆ ಬರುವುದು ನಮಗೆಲ್ಲ ಗೊತ್ತು. ಹಳೆಯ ನೆಗೆಟಿವ್, ಎಕ್ಸ್‌ರೇ ಫಿಲ್ಮ್‌ಗಳನ್ನು ತೂಕಕ್ಕೆ ಕೊಳ್ಳುವವರೂ ಇದ್ದಾರೆ. ಅವರು ಕೊಳ್ಳುವುದು ಬೆಳ್ಳಿಯ ಆಸೆಗೆ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಕಪ್ಪಗೆ ಕಾಣುವುದೆಲ್ಲ ಬೆಳ್ಳಿಯ ಅತಿ ಸಣ್ಣ ಕಣಗಳು. ಬೆಳಕು ಹೆಚ್ಚು ಬಿದ್ದ ಕಡೆ ಬೆಳ್ಳಿ ಉಳಿಯುತ್ತದೆ. ಬೀಳದ ಕಡೆಯದು ಸ್ಟುಡಿಯೋದವರು ಫಿಲ್ಮ್ ತೊಳೆಯುವಾಗ ಹೈಪೋ ನೀರಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದಲೇ ನೆಗೆಟಿವ್‌ನಲ್ಲಿ ಜಡೆ ತಿಳಿಯಾಗಿ, ಮುಖ ಕಪ್ಪಾಗಿ ಕಾಣುತ್ತದೆ. ಬೆಳ್ಳಿ ಇರುವುದು ಮುಖದಲ್ಲಿ. ಅದನ್ನು ತೆಗೆದರೆ ಉಳಿಯುವುದು ಬರಿಯ ಹಾಳೆ.

ಈ ವ್ಯಾಪಾರ ಹಳೆಯದು. ಭಾರತದ ಮೊದಲ ಟಾಕಿ ‘ಆಲಂ ಆರಾ’ ಬಂದದ್ದು 1931ರಲ್ಲಿ. ಪುಣೆಯಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅದಕ್ಕಾಗಿ ಹುಡುಕಿದರು. ರೀಲುಗಳಿಂದ ಬೆಳ್ಳಿ ತೆಗೆಸಿ ಮಾರಿಯಾಯಿತೆಂಬುದು ನಿರ್ಮಾಪಕ ಅರ್ದೇಶಿರ್ ಇರಾನಿಯವರ ಮನೆಯವರಿಂದಲೇ ಅವರಿಗೆ ತಿಳಿಯಿತು. ಬೆಳ್ಳಿ ಕೆರೆದ ಫಿಲ್ಮ್ ಬಳೆ, ಕೈಚೀಲಗಳಿಗೆ ಹೋಗುತ್ತಿತ್ತೆಂದು ಹಳೆಯ ಚಿತ್ರಗಳನ್ನು ಕಾಯುವವರು ಹೇಳುತ್ತಾರೆ. ನಮ್ಮ ಅಜ್ಜಿಯರ ಕೈಯಲ್ಲಿ ಯಾವ ನಾಯಕಿಯ ಕಣ್ಣೀರು ಕಿಣಿಕಿಣಿಗುಟ್ಟಿತ್ತೋ!

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರದು. ವೈ. ವಿ. ರಾವ್ ನಿರ್ದೇಶಿಸಿದ ಆ ಚಿತ್ರದಲ್ಲಿ ಸುಲೋಚನೆಯಾದವರು ತ್ರಿಪುರಾಂಬ. ಅದರ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಟಾಕಿಯ ಮೊದಲ ನಾಯಕಿ ನಕ್ಕದ್ದನ್ನೂ ಅತ್ತದ್ದನ್ನೂ ನಾವಾರೂ ಇನ್ನು ನೋಡಲಾರೆವು.

ಸಿನಿಮಾದ ಮಾತು ದೊಡ್ಡದು. ಮನೆಯ ಟ್ರಂಕಿನಲ್ಲೂ ಇದೇ ಕಥೆ ನಡೆಯುತ್ತದೆ. ನಮ್ಮ ದೊಡ್ಡಮ್ಮನಿಗೆ ಗಂಡು ನೋಡುವಾಗ 1958ರಲ್ಲಿ ಸ್ಟುಡಿಯೋದಲ್ಲಿ ಒಂದು ಫೋಟೊ ತೆಗೆಸಿದ್ದರು. ಜಾತಕದ ಜೊತೆ ಅದು ಐದಾರು ಊರು ಸುತ್ತಿತು. ಜಾತಕ ವಾಪಸು ಬಂತು, ಫೋಟೊಗಳು ಬರಲಿಲ್ಲ. ದೊಡ್ಡಮ್ಮ ಬೇಗ ತೀರಿಕೊಂಡರು. ಮನೆ ಮಾರುವಾಗ ಅಣ್ಣ ನೆಗೆಟಿವ್‌ಗಳ ಕಟ್ಟನ್ನೇ ತೂಕಕ್ಕೆ ಹಾಕೋಣವೆಂದ. ಒಂದು ದಿನ ತಡೆಯೋ ಎಂದು ಕಿಟಕಿಯ ಬಳಿ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದೆ. ಮಲ್ಲಿಗೆ ದಂಡೆ, ಸರಗು ಹಿಡಿದ ಬೆರಳು ಕಂಡವು. ಅದರಿಂದ ಹಾಕಿಸಿದ ಫೋಟೊ ಈಗ ಅವರ ಮಗಳ ಮನೆಯಲ್ಲಿದೆ. ಅವಳಿಗೆ ತಾಯಿಯ ಮುಖ ನೆನಪಿರಲಿಲ್ಲ.

ಹಾಗೆಂದು ಎಲ್ಲವನ್ನೂ ಕೂಡಿಡಬೇಕಿಲ್ಲ. ಮೊದಲು ನೋಡಿ, ಆಮೇಲೆ ವಿಂಗಡಿಸಿ. ಫೋಟೊ ಇಲ್ಲದ ಮುಖಗಳನ್ನು ಮೊದಲು ಎತ್ತಿಡಿ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಅಚ್ಚಿದ್ದರೆ ಭಯವಿಲ್ಲ. ಕೊಡಕ್ ಕಂಪನಿ 1951ರಲ್ಲಿ ನಿಲ್ಲಿಸಿದ ನೈಟ್ರೇಟ್ ಫಿಲ್ಮ್ ಮಾತ್ರ ಥಟ್ಟನೆ ಬೆಂಕಿ ಹಿಡಿಯುತ್ತದೆ. 2003ರಲ್ಲಿ ಪುಣೆಯಲ್ಲಿ ಅಂಥ ರೀಲುಗಳ ಉಗ್ರಾಣವೇ ಸುಟ್ಟಿತು. ಕಂದು ತಿರುಗಿ ಅಂಟಂಟಾದ ತೀರ ಹಳೆಯ ಫಿಲ್ಮನ್ನು ಒಲೆಯಿಂದ ದೂರವಿಟ್ಟು ತಿಳಿದವರನ್ನು ಕೇಳಿ. ವಿನಿಗರ್‌ನಂತೆ ಹುಳಿ ವಾಸನೆ ಬಂದರೆ ಬೇರೆಯಾಗಿ ಇಡಿ, ಪಕ್ಕದವಕ್ಕೂ ಕೇಡು. ಬಣ್ಣದ ನೆಗೆಟಿವ್‌ನಲ್ಲಿ ಬೆಳ್ಳಿ ಉಳಿದಿರುವುದಿಲ್ಲ, ತೊಳೆಯುವಾಗಲೇ ಹೋಗಿರುತ್ತದೆ. ಬೇಡವಾದರೆ ಒಣಕಸಕ್ಕೆ ಹಾಕಿ, ಬಚ್ಚಲ ಒಲೆಗಲ್ಲ. ಉಳಿದ ಕಪ್ಪು-ಬಿಳುಪಿನವನ್ನೂ ಎಕ್ಸ್‌ರೇಗಳನ್ನೂ ಬೆಳ್ಳಿ ತೆಗೆದ ಕೆಟ್ಟ ನೀರನ್ನು ಚರಂಡಿಗೆ ಬಿಡುವವರಿಗೆ ಕೊಡದೆ, ಪರವಾನಗಿ ಇರುವವರಿಗೆ ಕೊಡಿ.

ಉಳಿಸಿಕೊಂಡದ್ದನ್ನು ಕಾಗದದ ಕವರಿನಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಕವರಿನ ಮೇಲೆ ಪೆನ್ಸಿಲ್ಲಿನಿಂದ ಹೆಸರು ಬರೆಯಿರಿ. ಗುರುತು ಹಿಡಿಯಬಲ್ಲವರು ಮನೆಯಲ್ಲಿ ಇರುವಾಗಲೇ ಬರೆಯಿರಿ.